ಹಕ್ಕಿ ಬಂದಾಗ ಕುಂಟುವ ರಾಗ

ಸೊಟ್ಟಗಿರುವುದನ್ನು ಕಂಡರೆ ನನಗೆ ಕೈ ತುರಿಸುತ್ತದೆ. ಹಾಳು ಸ್ವಭಾವ, ಆದರೆ ನನ್ನ ಹೊಟ್ಟೆ ತುಂಬುತ್ತಿರುವುದೂ ಅದರಿಂದಲೇ. ಮನೆಯ ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರ ಹಾಕಿಕೊಂಡು ಆಲ್ಟರೇಶನ್ ಕೆಲಸ ಮಾಡುತ್ತೇನೆ. ಉದ್ದದ್ದನ್ನು ಗಿಡ್ಡ ಮಾಡುವುದು, ಬಿಗಿಯಾದದ್ದನ್ನು ಬಿಡಿಸುವುದು, ಕೆಟ್ಟ ಜಿಪ್ಪು ಕಿತ್ತು ಹೊಸದು ಕೂರಿಸುವುದು. ಒಮ್ಮೆ ಒಬ್ಬರು ಕೋಟಿನ ಲೈನಿಂಗ್ ಬದಲಿಸಲು ಕೊಟ್ಟುಹೋದರು. ನೋಡಿದರೆ ಅದರ ಎಡಭುಜ ಬಲಭುಜಕ್ಕಿಂತ ಒಂದು ಬೆರಳು ಕೆಳಗಿದೆ. ಯಾವ ಪುಣ್ಯಾತ್ಮ ಹೊಲಿದನೋ ಎಂದು ಬೈದುಕೊಂಡು, ಯಾರೂ ಕೇಳದಿದ್ದರೂ ಎರಡನ್ನೂ ಸಮ ಮಾಡಿಟ್ಟೆ. ಅವರು ಬಂದು ತೊಟ್ಟು ಕನ್ನಡಿಯ ಮುಂದೆ ನಿಂತರು. ಕೋಟು ಒಂದು ಕಡೆಗೆ ಜೋತುಬಿತ್ತು. "ಕೋಟು ಸೊಟ್ಟ ಇರಲಿಲ್ಲಮ್ಮ, ಸೊಟ್ಟ ಇರೋದು ನಾನು" ಎಂದರು, ಕೋಪವಿಲ್ಲದೆ. ಬಿಚ್ಚಿ ಮತ್ತೆ ಮೊದಲಿನ ಹಾಗೆ ಹೊಲಿದುಕೊಟ್ಟೆ. ಅದರಿಂದ ಬುದ್ಧಿ ಕಲಿತೆನೇ? ಕಲಿತಿದ್ದರೆ ಈ ಕತೆಯೇ ಇರುತ್ತಿರಲಿಲ್ಲ.

ಕತೆ ನನ್ನ ತಮ್ಮನದು. ಅವನು ನಮ್ಮ ಬೀದಿಯ ತುದಿಯ ಬೇಕರಿಯಲ್ಲಿ ಬ್ರೆಡ್ಡು ಮಾಡುತ್ತಾನೆ. ಮೀಸೆ ಚಿಗುರುವ ಹೊತ್ತಿಗೆ ಅವನ ಕಣ್ಣು ಮಂಕಾಗತೊಡಗಿತು, ಮೀಸೆ ದಪ್ಪವಾಗುವ ಹೊತ್ತಿಗೆ ಪೂರ್ತಿ ಹೋಯಿತು. ಬ್ರೆಡ್ಡು ಬೆಂದಿದೆಯೇ ಎಂಬುದನ್ನು ಅವನು ಅದರ ತಳ ತಟ್ಟಿ, ಕಿವಿಗೊಟ್ಟು ಹೇಳುತ್ತಾನೆ. ಆ ಬೇಕರಿಯಲ್ಲಿ ಕಣ್ಣಿದ್ದವರು ಬ್ರೆಡ್ಡು ಸೀಯಿಸಿದ್ದುಂಟು, ಅವನು ಸೀಯಿಸಿದ್ದಿಲ್ಲ.

ಕಣ್ಣು ತಿಂದ ಕಾಯಿಲೆ ಈಗ ಕಿವಿಗೂ ಬಾಯಿ ಹಾಕಿತ್ತು. ಎಡಗಿವಿ ಎಂದೋ ಮುಚ್ಚಿಹೋಗಿತ್ತು, ಅದರ ನರವೂ ಸತ್ತಿತ್ತು. ಬಲಗಿವಿಯಲ್ಲಿ ಉಳಿದದ್ದು ತಿಂಗಳಿಂದ ತಿಂಗಳಿಗೆ ಇಳಿಯುತ್ತಿತ್ತು. ಕಿವಿಯ ಡಾಕ್ಟರು ಆಪರೇಶನ್ ಮಾಡಬೇಕೆಂದರು. ಕಿವಿಯೊಳಗೆ ಒಂದು ಸಣ್ಣ ತಂತಿ ಇಟ್ಟು ಹೊರಗೊಂದು ಯಂತ್ರ ಕೂರಿಸುತ್ತಾರೆ. ಸದ್ದನ್ನು ಯಂತ್ರ ಹಿಡಿದು ನರಕ್ಕೆ ಮುಟ್ಟಿಸುತ್ತದೆ. ಆದರೆ ಹುಟ್ಟಿನಿಂದ ಬಂದ ಕಿವಿಯಲ್ಲಿ ಉಳಿದಿರುವ ಅಷ್ಟಿಷ್ಟು ಹೋಗಿಯೇ ಬಿಡಬಹುದು. ಹೊಸ ಸದ್ದು ಹಳೆಯದರ ಹಾಗಿರುವುದಿಲ್ಲ, ಹಾಡು ಹಾಡಿನ ಹಾಗೆ ಕೇಳಿಸುತ್ತದೆ ಎನ್ನುವ ಭರವಸೆಯೂ ಇಲ್ಲ. "ಬೇಡ ಅಂತ ಬಿಟ್ರೆ ಇರೋದೂ ಹೋಗುತ್ತೆ. ತಡ ಮಾಡಿದಷ್ಟೂ ಕಷ್ಟ" ಎಂದರು ಡಾಕ್ಟರು. ಕಣ್ಣೂ ಇಲ್ಲದೆ ಕಿವಿಯೂ ಇಲ್ಲದೆ ನನ್ನ ತಮ್ಮ ಈ ಪ್ರಪಂಚದಲ್ಲಿ ಹೇಗೆ ಇರುತ್ತಾನೆ ಎಂದು ನೆನೆದರೆ ನನಗೆ ಅನ್ನ ಇಳಿಯುತ್ತಿರಲಿಲ್ಲ.

ಅವನು ಒಪ್ಪಿದ. ಆದರೆ ಒಂದು ಷರತ್ತು ಹಾಕಿದ, ಅದೂ ಎಂಥ ಷರತ್ತು. ಚಿಕ್ಕಂದಿನಲ್ಲಿ ಆಡುತ್ತಿದ್ದ ವಿಡಿಯೊ ಗೇಮನ್ನು ಕೊನೆ ಮುಟ್ಟಿಸಬೇಕಂತೆ.

ಆ ಕಾಲದಲ್ಲಿ ನಮ್ಮ ಮನೆಯಲ್ಲೊಂದು ಗೇಮಿನ ಪೆಟ್ಟಿಗೆ ಇತ್ತು, ಅದಕ್ಕೆ ಒಂದೇ ಒಂದು ಕ್ಯಾಸೆಟ್. ಆಟದಲ್ಲಿ ದೀಪ ಹಿಡಿದ ಪುಟ್ಟ ಆಳೊಬ್ಬ ಸೇತುವೆಗಳ ಮೇಲೆ ಓಡುತ್ತಾನೆ. ಹಲಗೆ ಮುರಿದಲ್ಲಿ ಹಾರಬೇಕು, ಹಕ್ಕಿ ಬಂದಾಗ ತಪ್ಪಿಸಿಕೊಳ್ಳಬೇಕು, ದೀಪ ಆರದ ಹಾಗೆ ಹೊಳೆ ದಾಟಬೇಕು. ತಮ್ಮನ ಕಣ್ಣು ಮಂಕಾಗುತ್ತಿದ್ದಾಗ ನಾನು ಪಕ್ಕದಲ್ಲಿ ಕೂತು "ಹಲಗೆ ಇಲ್ಲ, ಹಾರು, ಎಡಗಡೆ ಹಕ್ಕಿ" ಎಂದು ವರದಿ ಒಪ್ಪಿಸುತ್ತಿದ್ದೆ. ಒಂದು ದಿನ ಅವನು ಬೆರಳೆತ್ತಿ, "ಸುಮ್ಮನಿರು ಅಕ್ಕ, ನಿನ್ನ ಮಾತಲ್ಲಿ ಹಕ್ಕಿ ಕೇಳಿಸಲ್ಲ" ಎಂದ. ಆ ಆಟದ ಹಕ್ಕಿಗಳಿಗೆ ದನಿಯೇ ಇರಲಿಲ್ಲ. ನನ್ನ ಬಾಯಿ ಮುಚ್ಚಿಸಲು ಹೂಡಿದ ನೆಪ ಎಂದುಕೊಂಡು ಮುಖ ಊದಿಸಿಕೊಂಡು ಎದ್ದುಹೋಗಿದ್ದೆ.

ಕೊನೆಯ ಸೇತುವೆ ಮಾತ್ರ ಅವನಿಗೆ ದಕ್ಕಲಿಲ್ಲ. ಇನ್ನೇನು ದಾಟಿಯೇಬಿಟ್ಟ ಎನ್ನುವಷ್ಟು ಹತ್ತಿರ ಬಂದಿದ್ದ ದಿನಗಳಲ್ಲೇ ಪೆಟ್ಟಿಗೆ ಸುಟ್ಟ ವಾಸನೆ ಬಿಟ್ಟು ಸತ್ತುಹೋಯಿತು. ಕ್ಯಾಸೆಟ್ಟೂ ರಿಮೋಟೂ ಒಂದು ಬಿಸ್ಕತ್ತಿನ ಡಬ್ಬಿ ಸೇರಿದವು.

"ಪ್ರತಿ ಸೇತುವೆ ದಾಟಿದಾಗ್ಲೂ ಒಂದು ರಾಗ ಇಟ್ಟಿದಾರೆ ಅಕ್ಕ. ಕೊನೇದಕ್ಕೆ ಎಲ್ಲಕ್ಕಿಂತ ದೊಡ್ಡದು ಇಟ್ಟೇ ಇರ್ತಾರೆ. ಅದನ್ನ ಈ ಕಿವೀಲಿ ಒಂದ್ಸಲ ಕೇಳಿಬಿಡ್ತೀನಿ. ಆಮೇಲೆ ಡಾಕ್ಟರು ಏನು ಬೇಕಾದ್ರೂ ಕೊಯ್ಕೊಳ್ಳಲಿ."

ನನ್ನ ಗಂಡ ಬಸ್ ಡ್ರೈವರ್, ಎಲ್ಲದಕ್ಕೂ ಅಡ್ಡದಾರಿ ಗೊತ್ತು. "ಯಾರೋ ಆಡಿ ಫೋನಲ್ಲಿ ಹಾಕಿರ್ತಾರೆ ಕಣೋ. ಹುಡುಕಿ ಕೇಳಿಸ್ತೀನಿ ಬಾ" ಎಂದರು.

"ನೀವು ಉಂಡ್ರೆ ನನ್ನ ಹೊಟ್ಟೆ ತುಂಬುತ್ತಾ ಭಾವ?"

ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವ ಜಾತಿ ಅವನದು. ದಾಟದೆ ಕೇಳಿದರೆ ಅದು ಕೇಳಿದ ಹಾಗಲ್ಲವಂತೆ. ಗಂಡ ಎಲ್ಲಿಂದಲೋ ನೂರಾರು ಆಟ ತುಂಬಿದ ಒಂದು ಸಣ್ಣ ಡಬ್ಬಿ ತಂದರು, ಅದರಲ್ಲಿ ಈ ಆಟವೂ ಇತ್ತು. ತಮ್ಮ ಒಂದು ಹಲಗೆ ಹಾರಿದ, ಇನ್ನೊಂದಕ್ಕೆ ಬಿದ್ದ, ರಿಮೋಟು ಕೆಳಗಿಟ್ಟ. "ನಾನು ಒತ್ತಿದ ಮೇಲೆ ಇವನು ಕೂತು ಯೋಚನೆ ಮಾಡಿ ಹಾರ್ತಾನೆ. ರಾಗಾನೂ ಅಷ್ಟೇ, ಯಾರೋ ಕೇಳಿಸ್ಕೊಂಡು ಬಂದು ನಮಗೆ ಹಾಡಿ ತೋರಿಸಿದ ಹಾಗಿದೆ" ಎಂದ. ನನಗಾಗಲೀ ಗಂಡನಿಗಾಗಲೀ ಯಾವ ವ್ಯತ್ಯಾಸವೂ ತಿಳಿಯಲಿಲ್ಲ.

ಆಗ ನಾನೇ ಚೀಲ ಹಿಡಿದು ಹೊರಟೆ. ರಿಪೇರಿ ಅಂಗಡಿಗಳ ಬೀದಿಯಲ್ಲಿ ಹಳೆಯ ಗೇಮುಗಳನ್ನು ಮಾರುವವನೊಬ್ಬ ಇದ್ದಾನೆ, ಕನ್ನಡಕ ಸದಾ ಹಣೆಯ ಮೇಲೆ. ನನ್ನ ಕತೆಯೆಲ್ಲ ಕೇಳಿ ದಪ್ಪ ಪುಸ್ತಕದಷ್ಟಿದ್ದ ಒಂದು ಕಪ್ಪು ಪೆಟ್ಟಿಗೆಯನ್ನು ಮುಂದಿಟ್ಟ.

"ಆ ಸಣ್ಣ ಡಬ್ಬಿ ಮಿಮಿಕ್ರಿ ಮಾಡುತ್ತೆ ಅಕ್ಕಾವ್ರೇ. ಇದು ಹಾಗಲ್ಲ. ಇದರೊಳಗಿರೋ ಚಿಪ್ಪಿಗೆ ಇಂಥದ್ದೇ ಅಂತ ಸ್ವಂತ ಆಕಾರ ಇಲ್ಲ. ಆನ್ ಮಾಡಿದ ತಕ್ಷಣ ಹಳೇ ಚಿಪ್ಪಲ್ಲಿ ಕರೆಂಟಿನ ದಾರಿಗಳು ಹೇಗೆ ಓಡಾಡ್ತಿದ್ವೋ ಹಾಗೇ ತನ್ನೊಳಗೆ ಜೋಡಿಸ್ಕೊಳ್ಳುತ್ತೆ. ನಟನೆ ಅಲ್ಲ, ಅದೇ ಆಗಿಬಿಡುತ್ತೆ. ನಿಮ್ಮ ಹಳೇ ಕ್ಯಾಸೆಟ್ಟೇ ಹಾಕಬಹುದು. ಹಳೇದರ ತಪ್ಪುಗಳೂ ಹಾಗ್ಹಾಗೇ ಇರ್ತವೆ."

"ತಪ್ಪು ಯಾಕಪ್ಪ ಬೇಕು?"

"ಬೇಕು ಅನ್ನೋರು ಇರ್ತಾರೆ" ಎಂದು ನಕ್ಕು, ವೈರಿಲ್ಲದ ಒಂದು ಹೊಸ ರಿಮೋಟನ್ನೂ ಚೀಲಕ್ಕೆ ಹಾಕಿದ.

ಅವನ ಮಾತು ನನ್ನ ಕಸುಬಿನಿಂದಾಗಿ ಅರ್ಧ ಅರ್ಥವಾಯಿತು. ನಮ್ಮಲ್ಲಿ ಅಳತೆಗೆಂದು ಹಳೆಯ ಬಟ್ಟೆ ಕೊಡುತ್ತಾರೆ. ಮೇಲಿಂದ ನೋಡಿ ಅಂಥದ್ದೇ ಹೊಲಿಯುವವರು ಒಂದು ಬಗೆ. ಹೊಲಿಗೆ ಹೊಲಿಗೆಯನ್ನೂ ಬಿಚ್ಚಿ ಹರವಿ, ಒಳಮಡಿಕೆಯೂ ಬಿಡದ ಹಾಗೆ ಹೊಸ ಬಟ್ಟೆಗೆ ಇಳಿಸುವವರು ಇನ್ನೊಂದು ಬಗೆ. ಯಾರೋ ಕೆಲವರು ಸತ್ತ ಪೆಟ್ಟಿಗೆಯೊಂದನ್ನು ಹಾಗೆ ಬಿಚ್ಚಿ ಹರವಿ ಕೂತಿದ್ದರಲ್ಲ ಎಂದು ದಾರಿಯುದ್ದಕ್ಕೂ ಆಶ್ಚರ್ಯವಾಗುತ್ತಿತ್ತು. ಅರ್ಥವಾಗದ ಇನ್ನರ್ಧದಲ್ಲೇ ನನ್ನ ಗ್ರಹಚಾರ ಕಾದಿತ್ತು.

ಸೋಮವಾರ ಆಪರೇಶನ್. ಶನಿವಾರ ಮಧ್ಯಾಹ್ನ ತಮ್ಮ ಬೇಕರಿಯಿಂದ ನೇರ ನಮ್ಮ ಮನೆಗೆ ಬಂದು, ಮೊಣಕೈವರೆಗಿನ ಹಿಟ್ಟು ತೊಳೆಯಲು ಬಚ್ಚಲಿಗೆ ಹೋದ. ಗಂಡ ಟಿವಿಗೆ ವೈರು ಸಿಕ್ಕಿಸಿದರು. ನಾನು ಪೆಟ್ಟಿಗೆಯ ಸೆಟ್ಟಿಂಗ್ಸ್ ತೆರೆದು ನೋಡಿದೆ. ಬಣ್ಣ ಹೇಗಿರಬೇಕು, ಚಿತ್ರ ಎಷ್ಟಗಲ ಇರಬೇಕು ಎಂದೆಲ್ಲ ಇತ್ತು. ಕೆಳಗೆ ಇನ್ನೆರಡು ಸಾಲು: ಚಿತ್ರ ಮಿಣುಕುವುದನ್ನು ತೆಗೆಯಬೇಕೇ, ಆಟ ನಿಧಾನವಾಗುವುದನ್ನು ತೆಗೆಯಬೇಕೇ. ಮಿಣುಕುವುದು, ನಿಧಾನವಾಗುವುದು, ಯಾರಿಗೆ ಬೇಕು ಆ ದರಿದ್ರ? ಎರಡನ್ನೂ ತೆಗೆಯಿತು ನನ್ನ ಕೈ. ತಮ್ಮನಿಗೆ ಒಳ್ಳೆಯದು ಮಾಡಿದೆ ಎಂಬ ಹೆಮ್ಮೆಯಿಂದ ಸೆರಗಿನಲ್ಲಿ ಪೆಟ್ಟಿಗೆಯ ಧೂಳನ್ನೂ ಒರೆಸಿದೆ.

ಅವನು ಬಂದು ಪೆಟ್ಟಿಗೆಯ ಮೈಯೆಲ್ಲ ತಡವಿ, ಕ್ಯಾಸೆಟ್ಟಿನ ಬಾಯಿ ಎಲ್ಲಿದೆ ಎಂದು ಹುಡುಕಿಕೊಂಡ. ಹೊಸ ರಿಮೋಟನ್ನು ಎತ್ತಿ ತೂಗಿ ನೋಡಿ ವಾಪಸ್ ಕೊಟ್ಟ. "ಹಳೇದು ಕೊಡಕ್ಕ." ಬಿಸ್ಕತ್ತಿನ ಡಬ್ಬಿಯಿಂದ ತೆಗೆದುಕೊಟ್ಟೆ. ಅದರ ಗುಂಡಿಯಲ್ಲಿ ಅವನ ಹೆಬ್ಬೆರಳು ತೇದ ಗುಳಿ ಹಾಗೇ ಇತ್ತು. ನಾವು ಹುಡುಗರಾಗಿದ್ದಾಗ ಯಾವುದೋ ಕಾರ್ಖಾನೆಯಲ್ಲಿ ಮಾಡಿದ ಪಿನ್ನು, ಈಗ ಯಾರೋ ಮಾಡಿದ ಪೆಟ್ಟಿಗೆಯ ತೂತಿಗೆ ಕಟಕ್ಕೆಂದು ಹೋಗಿ ಕೂತಿತು. ಆ ತೂತನ್ನು ಮಾಡಿದವರು ಇಂಥ ರಿಮೋಟುಗಳು ಇಂಥ ಡಬ್ಬಿಗಳಲ್ಲಿ ಕಾಯುತ್ತಿರುತ್ತವೆಂದು ತಿಳಿದೇ ಮಾಡಿದ್ದರು.

ಕ್ಯಾಸೆಟ್ಟಿಗೆ ಬಾಯಿಂದ ಫೂ ಎಂದು ಊದಿ ಒಳಗೆ ತಳ್ಳಿದ. ಪೆಟ್ಟಿಗೆಯಿಂದ ನೇರ ವೈರು ಎಳೆದು ಒಂದು ಸ್ಪೀಕರನ್ನು ಮೇಜಿನ ಮೇಲಿಟ್ಟಿದ್ದೆವು. ಅವನು ಬಲಗಿವಿಯನ್ನು ಅದಕ್ಕೆ ಒತ್ತಿ ಮೇಜಿನ ಮೇಲೆ ತಲೆಯಿಟ್ಟ. ಹಾಗಾಗಿ ಟಿವಿ ಅವನ ಬೆನ್ನಿಗಿತ್ತು, ಮುಖ ನನ್ನ ಕಡೆಗಿತ್ತು.

ಮೊದಲ ರಾಗ ಬಂತು. ಅವನು ಅಲ್ಲಾಡಲಿಲ್ಲ. ರಾಗ ಒಂದು ಸುತ್ತು ಮುಗಿದು ಮತ್ತೆ ಶುರುವಾಯಿತು.

"ಏನೋ, ಇದೂ ಬೇರೇನಾ?" ಎಂದು ಗಟ್ಟಿಯಾಗಿ ಕೇಳಿದೆ.

"ಇಲ್ಲ ಅಕ್ಕ. ಅದೇ. ಅದೇ ಬಂದಿದೆ." ಸತ್ತವರು ಬಾಗಿಲು ತಟ್ಟಿದರೆ ಯಾವ ದನಿಯಲ್ಲಿ ಹೇಳುತ್ತೇವೋ ಆ ದನಿಯಲ್ಲಿ ಹೇಳಿದ.

ಮುಂದೆ ನಾನು ಕಂಡದ್ದನ್ನು ಹೇಗೆ ಹೇಳಲಿ. ಟಿವಿಯ ಮೇಲೆ ದೀಪದ ಆಳು ಓಡುತ್ತಿದ್ದಾನೆ, ಹಲಗೆಯಿಂದ ಹಲಗೆಗೆ ಹಾರುತ್ತಿದ್ದಾನೆ. ಅವನನ್ನು ಓಡಿಸುತ್ತಿರುವವನು ಟಿವಿಗೆ ಬೆನ್ನು ಹಾಕಿ ಮೇಜಿನ ಮೇಲೆ ಮಲಗಿದ್ದಾನೆ. ಹೆಜ್ಜೆಯ ಸದ್ದು ಕಲ್ಲಿನ ಮೇಲೊಂದು, ಮರದ ಮೇಲೊಂದು. ಗಾಳಿ ಬಂದರೆ ಒಂದು ಸಣ್ಣ ಗೀಚುವ ಸದ್ದು. ಇವೆಲ್ಲ ನನಗೂ ಕೇಳಿಸುತ್ತಿದ್ದವು, ಆದರೆ ಅವುಗಳಿಂದ ಅವನು ಒಂದು ಹೊಳೆಯನ್ನೇ ಕಟ್ಟಿಕೊಂಡಿದ್ದ. ಒಂದು ಸೇತುವೆ ಮುಗಿಯಿತು, ಮತ್ತೊಂದು ಮುಗಿಯಿತು. ನನ್ನ ಗಂಡ ಬಾಯಿ ತೆರೆದುಕೊಂಡೇ ಕುರ್ಚಿ ಹುಡುಕಿ ಕೂತರು.

ಕೊನೆಯ ಸೇತುವೆ ಬಂತು. ಅರ್ಧದಲ್ಲಿ ಆಕಾಶ ಕಪ್ಪಾಗುವಷ್ಟು ಹಕ್ಕಿಗಳು ಎದ್ದವು. ತಮ್ಮ ಹಾರಬೇಕಾದಲ್ಲಿ ಹಾರಲಿಲ್ಲ, ಆಳು ಹೊಳೆಗೆ ಬಿದ್ದ. ಮತ್ತೆ ಆಡಿದ, ಅಲ್ಲೇ ಬಿದ್ದ. ಮತ್ತೂ ಆಡಿದ. ಗೋಡೆ ಗಡಿಯಾರದ ಮುಳ್ಳು ಸರಿಯುತ್ತಿತ್ತು, ಅವನು ಅದೇ ಹಲಗೆಯಿಂದ ಬೀಳುತ್ತಿದ್ದ. ಕೊನೆಗೆ ತಲೆಯೆತ್ತಿ ರಿಮೋಟನ್ನು ಮೇಜಿನ ಮೇಲಿಟ್ಟ.

"ಇದೂ ಸುಳ್ಳು ಹೇಳುತ್ತೆ. ಇದರಲ್ಲಿ ಹಕ್ಕಿಗಳೇ ಇಲ್ಲ."

"ಇಲ್ಲದೆ ಏನೋ, ರಾಶಿ ರಾಶಿ ಇವೆ. ನಾನು ನೋಡ್ತಾ ಇದೀನಲ್ಲ."

"ಇಲ್ಲ ಅಕ್ಕ."

"ಕುಣಿಯೋಕೆ ಬರದವಳು ನೆಲ ಡೊಂಕು ಅಂದ್ಲಂತೆ" ಎಂದರು ನನ್ನ ಗಂಡ, ನಗಿಸಲು. ಯಾರೂ ನಗಲಿಲ್ಲ.

"ಹಾಗಾದ್ರೆ ಸೋಮವಾರ ನಾನು ಬರಲ್ಲ" ಎಂದ ತಮ್ಮ. ದನಿ ಏರಿಸಲಿಲ್ಲ. "ಇರೋ ಕಿವಿ ಇರೋಷ್ಟು ದಿನ ಇರಲಿ."

ಬೈಯಲು ಬಾಯಿ ತೆರೆದವಳು, ಅವನ ಮುಖ ನೋಡಿ ಬೇರೆಯದೇ ಕೇಳಿದೆ. "ಹಕ್ಕಿಗೆ ದನೀನೇ ಇಲ್ವಲ್ಲೋ. ಅವು ಬಂದಿದ್ದು ನಿಂಗೆ ಹೇಗೆ ಗೊತ್ತಾಗ್ತಿತ್ತು?"

"ಪೆಟ್ಟಿಗೆಗೆ ಉಸಿರು ಕಟ್ತಿತ್ತಲ್ಲ. ಅಷ್ಟೊಂದು ಹಕ್ಕಿ ಒಟ್ಟಿಗೆ ಬಂದ್ರೆ ಅದಕ್ಕೆ ಎಳೆಯೋಕಾಗ್ತಿರಲಿಲ್ಲ. ಆಟ ನಿಧಾನ ಆಗ್ತಿತ್ತು, ಜೊತೆಗೆ ರಾಗಾನೂ ಕುಂಟೋದು. ಒಂದ್ಸಲ ಕುಂಟಿದ್ರೆ ಹಕ್ಕಿ ಎದ್ವು ಅಂತ, ಇನ್ನೊಂದ್ಸಲ ಕುಂಟಿದ್ರೆ ತಲೆ ಮೇಲೆ ಬಂದ್ವು ಅಂತ. ಆಗ ಹಾರಬೇಕು. ಇದು ಕುಂಟೋದೇ ಇಲ್ಲ."

ಇಷ್ಟು ವರ್ಷ ಕಳೆದ ಮೇಲೆ ನನಗೆ ಗೊತ್ತಾಯಿತು, ಅಂದು ಅವನು ನೆಪ ಹೇಳಿರಲಿಲ್ಲ. ದನಿಯಿಲ್ಲದ ಹಕ್ಕಿಗಳನ್ನು ಅವನು ಒಂದು ಬಡ ಯಂತ್ರದ ಏದುಸಿರಿನಲ್ಲಿ ಕೇಳಿಸಿಕೊಂಡಿದ್ದ. ಅದರ ಹಿಂದೆಯೇ, ಒಂದು ಕಡೆಗೆ ಜೋತುಬಿದ್ದ ಕೋಟೊಂದು ಕಣ್ಣೆದುರು ಬಂದು ನಿಂತಿತು. ಆಟ ನಿಧಾನವಾಗುವುದನ್ನು ತೆಗೆಯಬೇಕೇ. ತೆಗೆದವಳು ಯಾರು? ನಾನೇ. ನೆಲ ಡೊಂಕಾಗಿರಲಿಲ್ಲ, ಅದೇ ತೊಂದರೆಯಾಗಿತ್ತು.

"ಒಂದು ನಿಮಿಷ ಇರಪ್ಪ" ಎಂದು ಸೆಟ್ಟಿಂಗ್ಸ್ ತೆರೆದು, ನಾನು ಮಾಡಿದ ಉಪಕಾರವನ್ನೆಲ್ಲ ಒಂದೊಂದಾಗಿ ಬಿಚ್ಚಿದೆ. "ನಿನ್ನ ಪೆಟ್ಟಿಗೇನ ನಾನು ನೆಟ್ಟಗೆ ಮಾಡಿಬಿಟ್ಟಿದ್ದೆ ಕಣೋ. ಈಗ ಮೊದಲಿನ ಹಾಗೆ ಸೊಟ್ಟ ಮಾಡಿದೀನಿ. ಇನ್ನೊಂದೇ ಸಲ ಆಡು."

ಅವನು ಮತ್ತೆ ಕಿವಿಯನ್ನು ಸ್ಪೀಕರಿಗೆ ಒತ್ತಿದ. ಕೊನೆಯ ಸೇತುವೆಯ ನಡುವಿಗೆ ಬಂದ. ಹಕ್ಕಿಗಳು ಎದ್ದವು. ಚಿತ್ರ ಮಿಣುಕಿತು, ಆಳಿನ ಓಟ ಕೆಸರಿನಲ್ಲಿ ಓಡಿದ ಹಾಗಾಯಿತು, ಮತ್ತು ರಾಗ ಕುಂಟಿತು. ಈ ಸಲ ನಾನೂ ಕೇಳಿಸಿಕೊಂಡೆ. ಈ ಹೊಸ ಪೆಟ್ಟಿಗೆಗೆ ಶಕ್ತಿ ಕಡಿಮೆಯೇನೂ ಇಲ್ಲ. ಇಂಥ ಹಕ್ಕಿಗಳನ್ನು ಎಷ್ಟು ಬೇಕಾದರೂ ಎಳೆದೀತು. ಹಳೆಯದಕ್ಕೆ ಎಲ್ಲಿ ಉಸಿರು ಕಟ್ಟುತ್ತಿತ್ತೋ ಅಲ್ಲೇ ಉಸಿರು ಕಟ್ಟುವುದನ್ನು ಯಾರೋ ಅದಕ್ಕೆ ಕೂತು ಕಲಿಸಿದ್ದರು. ನನ್ನ ತಮ್ಮನ ಹೆಸರು ಕೂಡ ಅವರಿಗೆ ಗೊತ್ತಿಲ್ಲ. ನಾನು ಕೈ ಮುಗಿಯುವವಳಲ್ಲ, ಆದರೆ ಆ ಕ್ಷಣ ಅವರು ಎದುರಿಗಿದ್ದರೆ ಮುಗಿಯುತ್ತಿದ್ದೆ.

ರಾಗ ಎರಡನೆಯ ಸಲ ಕುಂಟಿತು. ತಮ್ಮನ ಹೆಬ್ಬೆರಳು ಗುಳಿಯಲ್ಲಿ ಇಳಿಯಿತು. ಆಳು ಹಕ್ಕಿಗಳ ನಡುವಿನಿಂದ ಹಾರಿ ಆಚೆ ಹಲಗೆಗೆ ಬಿದ್ದು, ಓಡಿ, ದಡ ಸೇರಿದ.

ಸದ್ದೆಲ್ಲ ನಿಂತುಹೋಯಿತು.

ನಾವು ಕಾದೆವು. ತಮ್ಮ ಉಸಿರು ಹಿಡಿದು ಕಾದ. ಏನೂ ಬರಲಿಲ್ಲ. ಅವನ ಮುಖ ನನ್ನ ಕಡೆಗೇ ಇತ್ತಲ್ಲ, ಅದರಲ್ಲಿ ಬಣ್ಣ ಇಳಿಯುವುದನ್ನು ಕಂಡೆ.

"ಅಕ್ಕ. ಕಿವಿ ಹೋಯ್ತಾ?"

ನಾನು ಗಾಬರಿಯಿಂದ ಮೇಜನ್ನು ಕುಟ್ಟಿದೆ. ಅವನು ತಲೆಯಾಡಿಸಿದ, ಕೇಳಿಸಿತ್ತು. "ಕಿವಿ ಇದೆ ಕಣೋ. ಪೆಟ್ಟಿಗೇನೇ ಸುಮ್ಮನಿದೆ."

"ರಾಗ?"

"ಇಟ್ಟಿಲ್ಲ. ಕೊನೇದಕ್ಕೆ ಏನೂ ಇಟ್ಟಿಲ್ಲ."

ಮತ್ತೇನಾದರೂ ಕೆಡಿಸಿದ್ದೇನೆಯೇ ಎಂದು ಸೆಟ್ಟಿಂಗ್ಸ್ ಇನ್ನೊಮ್ಮೆ ನೋಡಿದೆ. ಇಲ್ಲ, ಎಲ್ಲ ಮೊದಲಿನ ಹಾಗೇ ಇತ್ತು. ಆಟ ಮಾಡಿದವರೇ ಅಲ್ಲಿ ಮೌನ ಇಟ್ಟಿದ್ದರು, ಪೆಟ್ಟಿಗೆ ಆ ಮೌನವನ್ನೂ ಚಾಚೂ ತಪ್ಪದೆ ಒಪ್ಪಿಸುತ್ತಿತ್ತು. ಇಷ್ಟು ಕಷ್ಟಪಟ್ಟವನ ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲವಲ್ಲ ಎಂದು ನನಗೆ ಅಳು ಬಂತು.

ತಮ್ಮ ಸ್ಪೀಕರನ್ನು ಪಕ್ಕಕ್ಕೆ ಸರಿಸಿ, ಕುರ್ಚಿಯನ್ನು ನನ್ನ ಹತ್ತಿರ ಎಳೆದುಕೊಂಡು, ಬಲಗಿವಿಯನ್ನು ನನ್ನ ಬಾಯಿಯ ಹತ್ತಿರ ತಂದ.

"ಚಿತ್ರ ಇದೆಯಾ?"

"ಇದೆ."

"ಹಾಗಾದ್ರೆ ಈಗ ಮಾತಾಡು ಅಕ್ಕ."

ಜೀವಮಾನವೆಲ್ಲ ಬಾಯಿ ಬಡಿದುಕೊಂಡವಳಿಗೆ ಆಗ ಮಾತು ಹೊರಡಲು ಹೊತ್ತು ಹಿಡಿಯಿತು. "ದಡದ ಮೇಲೆ ಒಂದು ಮನೆ ಇದೆ" ಎಂದೆ. "ಸಣ್ಣದು. ಹೆಂಚಿನ ಮಾಡು. ನಿನ್ನ ಆಳು ಹೊಸ್ತಿಲ ಮೇಲೆ ಕೂತಿದಾನೆ, ದೀಪ ಪಕ್ಕದಲ್ಲಿ ಇಟ್ಟಿದಾನೆ. ಆರಿಲ್ಲ. ಕಿಟಕಿಗಳು ಕಪ್ಪಗಿದ್ವು, ಈಗ ಒಂದರಲ್ಲಿ ಬೆಳಕು ಬಂತು. ಇನ್ನೊಂದರಲ್ಲೂ ಬಂತು. ಹೊಳೇಲಿ ಬೆಳಕು ಅಲ್ಲಾಡ್ತಿದೆ."

"ಹಕ್ಕಿಗಳು?"

ನೋಡಿದೆ. "ಮಾಡಿನ ಮೇಲೆ ಸಾಲಾಗಿ ಕೂತಿವೆ. ಎಲ್ಲಾನೂ. ಒಂದೂ ಹಾರ್ತಿಲ್ಲ."

"ಅದಕ್ಕೇ ಸದ್ದಿಲ್ಲ" ಎಂದ ತಮ್ಮ. ಅವನ ಮುಖ ನಿಧಾನವಾಗಿ ಅರಳಿತು. "ಸರಿಯಾಗೇ ಇಟ್ಟಿದಾರೆ. ಇನ್ನೂ ಹೇಳು."

ಚಿತ್ರದಲ್ಲಿ ಇದ್ದದ್ದೆಲ್ಲ ಹೇಳಿದೆ. ಅದು ಮುಗಿದ ಮೇಲೆ ಕೋಣೆಯಲ್ಲಿ ಇದ್ದದ್ದು ಹೇಳಿದೆ: ಅವನ ಭಾವ ಕರವಸ್ತ್ರದಲ್ಲಿ ಮೂಗು ಒರೆಸಿಕೊಳ್ಳುತ್ತಿರುವುದನ್ನು, ಕಿಟಕಿಯ ಬಿಸಿಲು ಹೊಲಿಗೆ ಯಂತ್ರದ ಚಕ್ರದ ಮೇಲೆ ಬಿದ್ದಿರುವುದನ್ನು. ಗಂಟಲು ಒಣಗುವವರೆಗೂ ಹೇಳಿದೆ. ಅವನು ಒಂದು ಸಲವೂ ಬೆರಳೆತ್ತಲಿಲ್ಲ.

ಸೋಮವಾರ ಅವನೇ ಮೊದಲು ಚಪ್ಪಲಿ ಮೆಟ್ಟಿಕೊಂಡು ಬಾಗಿಲಲ್ಲಿ ನಿಂತಿದ್ದ. ಆಪರೇಶನ್ನಿನ ಜೊತೆಗೆ ಡಾಕ್ಟರು ಹೇಳಿದ್ದ ಹಾಗೆ ಉಳಿದಿದ್ದ ಕಿವಿಯೂ ಹೋಯಿತು. ಗಾಯ ಮಾಯುವವರೆಗೆ ಅವನ ಅಂಗೈಯಲ್ಲಿ ಬೆರಳಿನಿಂದ ಬರೆದು ಮಾತಾಡಿದೆವು. ನನ್ನಂಥವಳಿಗೆ ಅದೆಂಥ ಶಿಕ್ಷೆ ಎಂದು ನನ್ನ ಗಂಡನನ್ನು ಕೇಳಬೇಕು.

ಯಂತ್ರ ಶುರುಮಾಡುವ ದಿನ ಆಸ್ಪತ್ರೆಯ ಚಿಕ್ಕ ಕೋಣೆಯಲ್ಲಿ ಕೂತಿದ್ದೆವು. ಕಿವಿಯ ಯಂತ್ರ ಹೊಂದಿಸುವ ಹೆಂಗಸು ಕಂಪ್ಯೂಟರಿನಲ್ಲಿ ಏನೋ ಒತ್ತಿ, ಮಾತಾಡಿಸಿ ಎಂದು ನನಗೆ ಸನ್ನೆ ಮಾಡಿದರು. ಭಯದಲ್ಲಿ ನಾನು ಬಾಯಿಗೆ ಬಂದದ್ದೆಲ್ಲ ಆಡಿದೆ. ಕೇಳಿಸ್ತಾ, ನಾನು ಕಣೋ, ಅಕ್ಕ, ನೋವಿದೆಯಾ, ದಡದ ಮೇಲೆ ಮನೆ ಇದೆ, ಹಕ್ಕಿ ಕೂತಿವೆ, ಏನಾದ್ರೂ ಹೇಳೋ. ಅವನು ತಲೆ ಬಗ್ಗಿಸಿ, ಮೇಜಿನ ಮೇಲಿನ ಸ್ಪೀಕರಿಗೆ ಕಿವಿಗೊಟ್ಟಾಗಿನ ಅದೇ ಮುಖ ಮಾಡಿಕೊಂಡು ಕೂತಿದ್ದ.

"ನೀನೂ ಆ ಪೆಟ್ಟಿಗೆ ಹಾಗೇ ಆಗಿಬಿಟ್ಟಿದೀಯ" ಎಂದ ಕೊನೆಗೆ. "ಬರೀ ಕಿಣಿಕಿಣಿ, ಕೀಚು ಕೀಚು."

ನಾನು ಕುರ್ಚಿಯಿಂದ ಎದ್ದೆ. "ಅಂದ್ರೆ ಅರ್ಥ ಆಗ್ತಿಲ್ವಾ? ಏನೂ ಗೊತ್ತಾಗ್ತಿಲ್ವಾ? ಮೇಡಂ, ಇನ್ನೂ ಸ್ವಲ್ಪ ಸರಿ ಮಾಡಿ, ಅದೇನೋ ಒತ್ತಿದ್ರಲ್ಲ..."

ತಮ್ಮ ಬೆರಳೆತ್ತಿದ.

"ಸುಮ್ಮನಿರು ಅಕ್ಕ. ಹಕ್ಕಿ ಕೂತಿವೆ ಅಂದ್ಯಲ್ಲ, ಅದು ಕೇಳಿಸ್ತು. ಮಿಕ್ಕಿದ್ದು ನಾನು ಹುಡುಕ್ಕೋತೀನಿ."

ಜನ್ಮದಲ್ಲಿ ಮೊದಲ ಸಲ, ಯಾವುದನ್ನೂ ಸರಿಮಾಡಲು ಹೋಗದೆ, ನಾನು ಸುಮ್ಮನೆ ಕೂತೆ.